ಸ್ಪ್ರಿಂಗ್ ಪೆಟ್ಟಿಗೆಗೆ ಪೂಜೆ ಮಾಡಿದ ವರ್ಷ

ಮೊನ್ನೆ ಹಲಸೂರು ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ನಡೆದು ಹೋಗುತ್ತಿದ್ದೆ. ಮೊಬೈಲ್ ರಿಪೇರಿಯವನೊಬ್ಬ ಅಂಗಡಿ ಬಾಗಿಲಲ್ಲೇ ಕೂತು ಬೆಸುಗೆ ಹಾಕುತ್ತಿದ್ದ. ಕಾದ ಕಡ್ಡಿಗೆ ರಾಳ ತಾಗಿ ಎದ್ದ ಹೊಗೆ ಮೂಗಿಗೆ ಬಂತು ನೋಡಿ, ಕಾಲು ಅಲ್ಲೇ ನಿಂತುಬಿಟ್ಟಿತು. ಕೆಲವರಿಗೆ ಮಲ್ಲಿಗೆ ವಾಸನೆಗೆ ಹಳೆಯದೆಲ್ಲ ನೆನಪಾಗುತ್ತದಂತೆ, ಕೆಲವರಿಗೆ ಹಸಿ ಮಣ್ಣಿನದಕ್ಕೆ. ನನಗೆ ರಾಳದ ಹೊಗೆಯೇ ಆಗಬೇಕು. ಏನು ಮಾಡೋದು, ಹಣೆಬರಹ!

ಅದೇ ಓಣಿಯಲ್ಲಿ, ತೊಂಬತ್ತರ ದಶಕದ ಕೊನೆಯಲ್ಲಿ, ಆರ್ಮುಗಂ ಅಣ್ಣನ ರೇಡಿಯೊ-ಆಂಪ್ಲಿಫೈಯರ್ ರಿಪೇರಿ ಅಂಗಡಿ ಇತ್ತು. ನಾನು ಸಿಂಧನೂರಿನ ಕಡೆಯವಳು. ಮದುವೆಯಾಗಿ ರಾಮಮೂರ್ತಿ ನಗರದ ಒಂದು ಕೋಣೆಯ ಬಾಡಿಗೆ ಮನೆಗೆ ಬಂದಿದ್ದೆ. ಗಂಡ ಟೆಂಪೋ ಓಡಿಸುತ್ತಿದ್ದ. ಟಿನ್ ಫ್ಯಾಕ್ಟರಿ ಹತ್ತಿರದ ಒಂದು ಕಾರ್ಖಾನೆಯಲ್ಲಿ ನಾನು ಐದು ವರ್ಷ ಟ್ರಾನ್ಸ್‌ಫಾರ್ಮರ್‌ಗಳಿಗೆ ತಂತಿ ಸುತ್ತಿದೆ. ಕಾರ್ಖಾನೆಗೆ ಬೀಗ ಬಿದ್ದಾಗ, ಅಲ್ಲಿಗೆ ಸಾಮಾನು ಒಯ್ಯಲು ಬರುತ್ತಿದ್ದ ಆರ್ಮುಗಂ ಅಣ್ಣ, “ತಂತಿ ಸುತ್ತೋ ಕೈ ಬೆಸುಗೇನೂ ಹಾಕುತ್ತೆ, ಬಾಮ್ಮಾ ಶರಣಮ್ಮ” ಅಂತ ಕರೆದರು. ಹೆಂಗಸು ಬೆಸುಗೆ ಹಾಕುವುದನ್ನು ಓಣಿಯ ಜನ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು. ರಿಪೇರಿಗೆ ತಂದವರು ನನ್ನನ್ನು ಕಂಡು, “ಅವರಿಲ್ವಾ?” ಎನ್ನುತ್ತಿದ್ದರು. “ಅವರಿಲ್ರೀ, ನಾ ಇದ್ದೀನಲ್ಲ, ನಾ ಏನು ಗ್ವಾಡಿ ಏನ್ರೀ?” ಅಂತ ಕೇಳುತ್ತಿದ್ದೆ. ಗ್ವಾಡಿ ಅಂದರೆ ಗೋಡೆ, ನಮ್ಮ ಕಡೆಯ ಮಾತು. ನನ್ನ ಬಾಯಿ ಆಗಲೂ ಹೀಗೇ ಇತ್ತು.

ಹಾಗೆ ಕೇಳದೆ ನೇರವಾಗಿ ನನ್ನ ಮೇಜಿನ ಮೇಲೇ ಆಂಪ್ಲಿಫೈಯರ್ ಇಟ್ಟ ಮೊದಲ ಮನುಷ್ಯ ಮುನಿರಾಜಪ್ಪ. ಹೊರಮಾವಿನ ಹಳೇ ಒಕ್ಕಲು ಮನೆಯವರು. ಅವರ ರಾಗಿ ಹೊಲದಲ್ಲೀಗ ಸೈಟುಗಳು, ಸೈಟುಗಳಲ್ಲಿ ಬಾಡಿಗೆ ಮನೆಗಳು. ಉಣ್ಣಲು ಉಡಲು ಅವರಿಗೇನೂ ಕಡಿಮೆ ಇರಲಿಲ್ಲ. ಆದರೆ ಆ ಮನುಷ್ಯನಿಗೆ ಬೇಕಿದ್ದದ್ದು ಒಂದೇ, ಗಿಟಾರ್. ತೊಡೆಯ ಮೇಲೆ ಮಲಗಿಸಿಕೊಂಡು, ಬಲಗೈಯಲ್ಲಿ ಮೀಟಿ, ಎಡಗೈಯಲ್ಲಿ ಉಕ್ಕಿನ ತುಂಡೊಂದನ್ನು ತಂತಿಗಳ ಮೇಲೆ ಜಾರಿಸುತ್ತಾರಲ್ಲ, ಆ ಥರದ್ದು. ಇಪ್ಪತ್ತು ವರ್ಷದಿಂದ ಒಂದೇ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದರು.

“ರಿವರ್ಬ್ ಸತ್ತೋಗದೆ ಕಣಮ್ಮ. ಬೇರೆ ಎಲ್ಲಾ ಸರಿ ಇದೆ. ಹೆಂಗಸ್ರ ಕೈ ನಾಜೂಕು, ನೀನೇ ನೋಡು” ಅಂದರು.

ರಿವರ್ಬ್ ಅಂದರೆ ಮತ್ತೇನಿಲ್ಲ. ಆಂಪ್ಲಿಫೈಯರಿನ ತಳದಲ್ಲಿ ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ಉದ್ದಕ್ಕೆ ಎಳೆದು ಕಟ್ಟಿದ ಎರಡು ಸ್ಪ್ರಿಂಗು. ಆ ತುದಿಗೊಂದು ಈ ತುದಿಗೊಂದು ತಂತಿ ಸುತ್ತಿದ ಪುಟ್ಟ ಕಾಯಿಲ್. ಒಂದು ತುದಿಯಿಂದ ಹೋದ ಸ್ವರ ಸ್ಪ್ರಿಂಗಿನಲ್ಲಿ ನಡುಗುತ್ತ ನಡುಗುತ್ತ ಇನ್ನೊಂದು ತುದಿಗೆ ಸ್ವಲ್ಪ ತಡವಾಗಿ ಬರುತ್ತದೆ. ಕೋಣೆಯಲ್ಲಿ ಮೀಟಿದ್ದು ದೇವಸ್ಥಾನದ ಕಲ್ಲು ಮಂಟಪದಲ್ಲಿ ಮೀಟಿದ ಹಾಗೆ ಕೇಳುತ್ತದೆ.

ಆರ್ಮುಗಂ ಅಣ್ಣ ಅದನ್ನು ಪರೀಕ್ಷೆ ಮಾಡುವ ಬಗೆ ಹೇಳಿಕೊಟ್ಟರು. “ಆನ್ ಮಾಡಿ ಪೆಟ್ಟಿಗೆಗೊಂದು ಗುದ್ದು. ಗುದ್ದಿದ್ರೆ ಗುಡುಗ್ಬೇಕು. ಗುಡುಗಿದ್ರೆ ಸ್ವರ ವಾಪಸ್ ಬರೋ ಈಚೆ ತುದೀಲಿ ಜೀವ ಇದೆ, ತಪ್ಪು ಆಚೆ ಕಡೆ. ಗುಡುಗ್ಲಿಲ್ಲ ಅಂದ್ರೆ ಈಚೆ ಕಡೇನೇ ಹೋಗಿದೆ. ಅಷ್ಟೇಮ್ಮಾ.” ಗುದ್ದಿದೆ. ಸ್ಪೀಕರಿನಿಂದ ‘ಧಡಾರ್’ ಎಂದು ಗುಡುಗಿತು. ಹಾಗಾದರೆ ತಪ್ಪು ಕಳಿಸುವ ಕಡೆ. ನೋಡಿದರೆ ಅಲ್ಲಿಗೆ ಹೋಗುವ ವೈರು ಒಳಗೇ ತುಂಡಾಗಿತ್ತು. ಹೊಸ ವೈರು ಹಾಕಿದೆ, ಅರ್ಧ ಗಂಟೆಯ ಕೆಲಸ. ಪೆಟ್ಟಿಗೆಯನ್ನು ಹೊರಗೇ ಇಟ್ಟು ಒಂದು ದಿನ ಓಡಿಸಿ ನೋಡೋಣ, ಆಮೇಲೆ ಕೂರಿಸೋಣ ಅಂದುಕೊಂಡೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಚಿತ್ತಾ ಮಳೆ ಜಿಟಿಜಿಟಿ ಹಿಡಿದಿತ್ತು. ಆರ್ಮುಗಂ ಅಣ್ಣ ಹಬ್ಬಕ್ಕೆ ವೆಲ್ಲೂರಿನ ತಂಗಿ ಮನೆಗೆ ಹೊರಟರು. “ಅಂಗಡೀಲಿ ಒಂದು ಸ್ಕ್ರೂಡ್ರೈವರ್ ಬಿಡ್ದೆ ಎಲ್ಲದಕ್ಕೂ ಪೂಜೆ ಮಾಡ್ಬಿಡು” ಅಂದರು. ನನಗೂ ಅದೇ ಬೇಕಿತ್ತು. ನನ್ನ ಕೈಯಿಂದ ಅಂಗಡಿಗೆ ಪೂಜೆ! ಮೇಜು ತೊಳೆದೆ, ಮೀಟರಿಗೆ ವಿಭೂತಿ ಹಚ್ಚಿದೆ, ಬೆಸುಗೆ ಕಡ್ಡಿಗೆ ಹೂವು ಮುಡಿಸಿದೆ. ಆಮೇಲೆ ಕಣ್ಣು ಬಿದ್ದದ್ದು ಬಾಯಿ ತೆರೆದು ಮಲಗಿದ್ದ ಆ ಸ್ಪ್ರಿಂಗ್ ಪೆಟ್ಟಿಗೆಯ ಮೇಲೆ. ಗಾಡಿಗೆ ಎಂಜಿನ್ ಹೇಗೋ ಇದಕ್ಕೆ ಇದೇ ಜೀವ ಅಲ್ಲವೇ ಅನ್ನಿಸಿತು. ಹೊಸ್ತಿಲಿನ ಎರಡು ಬದಿಗೆ ಇಡುವ ಹಾಗೆ, ಒಂದು ನಿಂಬೆಹಣ್ಣು ಹೋಳು ಮಾಡಿ, ಕುಂಕುಮ ತುಂಬಿ, ಈ ತುದಿಗೊಂದು ಆ ತುದಿಗೊಂದು ಇಟ್ಟೆ. ಸರಿಯಾಗಿ ಕಾಯಿಲ್‌ಗಳ ತಲೆಯ ಮೇಲೆ. ಪೂಜೆಗಿಟ್ಟ ಆಯುಧ ಅಲುಗಿಸಬಾರದು. ಮರುದಿನ ವಿಜಯದಶಮಿ, ಅದರ ಮರುದಿನ ಭಾನುವಾರ. ಬಾಗಿಲು ಹಾಕಿ ಮನೆಗೆ ಹೋದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಅಂತಾರಲ್ಲ, ಹಾಗಾಯಿತು.

ಸೋಮವಾರ ಬೆಳಿಗ್ಗೆ ಬಂದು ಹೋಳುಗಳನ್ನು ತೆಗೆದು, ಒರೆಸಿ, ಆನ್ ಮಾಡಿದೆ. ಸ್ವರ ಬಂತು. ರಿವರ್ಬ್ ಇಲ್ಲ. ಗುದ್ದಿದೆ. ಗುಡುಗಲಿಲ್ಲ. ಇನ್ನೂ ಜೋರಾಗಿ ಗುದ್ದಿದೆ, ಉಹುಂ. ಮೀಟರ್ ಇಟ್ಟರೆ ಮುಳ್ಳು ಅಲುಗಲಿಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ಕಳಿಸುವ ತುದಿಯ ತಂತಿ ದಪ್ಪ, ಅದು ಬದುಕಿತ್ತು. ಈಚೆ ತುದಿಯದು ಕೂದಲಿಗಿಂತ ತೆಳು. ನಿಂಬೆ ರಸ ಅದನ್ನು ತಿಂದು ಹಸಿರು ಮಾಡಿ, ಪದರ ಪದರವಾಗಿ ಕತ್ತರಿಸಿಬಿಟ್ಟಿತ್ತು. ಅಯ್ಯೋ ಶರಣೆ, ನಿನ್ನ ಭಕ್ತಿಗಿಷ್ಟು ಬೆಂಕಿ ಹಾಕ!

ಹತ್ತು ಗಂಟೆಗೆ ಮುನಿರಾಜಪ್ಪ ಬಂದರು, ಕೊಡೆ ಮಡಚುತ್ತ, ನಗುತ್ತ. ನಮ್ಮ ಊರಿನವರೊಬ್ಬರು ತಂದುಕೊಟ್ಟಿದ್ದ ಬನ್ನಿ ಎಲೆ ನನ್ನ ಚೀಲದಲ್ಲಿತ್ತು. ಏನು ಮಾಡಬೇಕೋ ತೋಚದೆ ಅದನ್ನೇ ತೆಗೆದು ಅವರ ಕೈಗಿಟ್ಟು, “ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ” ಅಂದೆ. ಅವರು ಕಣ್ಣಿಗೊತ್ತಿಕೊಂಡರು. ಆಮೇಲೆ ಆಂಪ್ಲಿಫೈಯರ್ ಕೇಳಿದರು. ನಾನು, “ಒಂದು ಪಾರ್ಟು ಬರಬೇಕ್ರಿ” ಅಂತ ಸುಳ್ಳು ಹೇಳಿದೆ. ಆ ಕೈಯಲ್ಲಿ ಬನ್ನಿ, ಈ ಬಾಯಲ್ಲಿ ಸುಳ್ಳು.

ಮುನಿರಾಜಪ್ಪನ ಮುಖ ಇಳಿದುಹೋಯಿತು. ಬೆಂಚಿನ ಮೇಲೆ ಕೂತು ತಮ್ಮ ಎಡಗೈಯನ್ನು ನನ್ನ ಮುಂದೆ ಚಾಚಿದರು.

“ನೋಡಮ್ಮಾ, ಎರಡು ವರ್ಷದ ಹಿಂದೆ ಲಕ್ವ ಹೊಡೀತು. ಎಲ್ಲಾ ವಾಸಿ ಆಯ್ತು ಅಂತಾರೆ. ಈ ಕೈ ಮಾತ್ರ ಸ್ವಲ್ಪ ಲೇಟು. ಒಂದು ಸ್ವರದಿಂದ ಎತ್ತಿ ಇನ್ನೊಂದ್ರ ಮೇಲೆ ಇಡೋಷ್ಟರಲ್ಲಿ ಮಧ್ಯೆ ಗುಂಡಿ ಬೀಳುತ್ತೆ. ಆ ಗುಂಡೀನ ಈ ಸ್ಪ್ರಿಂಗು ಮುಚ್ತಾ ಇತ್ತು. ಆರ್ಕೆಸ್ಟ್ರಾದಲ್ಲಿ ಯಾರಿಗೂ ಗೊತ್ತಿಲ್ಲ. ಕೀಬೋರ್ಡಲ್ಲೇ ಗಿಟಾರ್ ಸೌಂಡ್ ಬರುತ್ತಲ್ಲ, ಇನ್ನು ನೀವ್ಯಾಕೆ ಅಂತ ಮಾಸ್ಟರ್ ಕೇಳ್ತಾನೇ ಇದಾನೆ. ರಾಜ್ಯೋತ್ಸವಕ್ಕೆ ನಮ್ಮೂರಲ್ಲೇ ಪ್ರೋಗ್ರಾಮು. ಅಲ್ಲಿ ನೆಟ್ಟಗೆ ನುಡಿಸಿದ್ರೆ ಇರ್ತೀನಿ. ಇಲ್ದಿದ್ರೆ ಗಿಟಾರ್ ಅಟ್ಟಕ್ಕೆ.”

ಅವರು ಹೋದ ಮೇಲೆ ನನಗೆ ಊಟ ಸೇರಲಿಲ್ಲ. ಬೇರೆ ಏನನ್ನು ಕೆಡಿಸಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ. ನಾನು ಕೆಡಿಸಿದ್ದು ಒಬ್ಬ ಮನುಷ್ಯನ ಕೈಯನ್ನು.

ಮರುದಿನ ಆರ್ಮುಗಂ ಅಣ್ಣ ವೆಲ್ಲೂರಿನಿಂದ ಬಂದರು. ಪೆಟ್ಟಿಗೆ ಬಗ್ಗಿಸಿದರೆ ಒಳಗಿನಿಂದ ನಿಂಬೆ ಬೀಜವೊಂದು ಉರುಳಿಬಿತ್ತು. ಅದನ್ನು ಎರಡು ಬೆರಳಲ್ಲಿ ಹಿಡಿದು, “ಇದು ಯಾವ ಪಾರ್ಟ್‌ಮ್ಮಾ?” ಅಂದರು. ನಾನು ಅತ್ತೆ. ಅವರು ಮೊದಲು ನಕ್ಕರು, ಆಮೇಲೆ ಹಣೆ ಚಚ್ಚಿಕೊಂಡರು. “ಎಲ್ಲದಕ್ಕೂ ಪೂಜೆ ಮಾಡು ಅಂದಿದ್ದು ನಾನೇ ಅಲ್ವಾ! ಬಿಡು. ಹಳೇ ಮಾಲು, ತಾನೇ ಸುಟ್ಟೋಯ್ತು ಅಂತ ಹೇಳ್ಬಿಡೋಣ. ಯಾರಿಗ್ಗೊತ್ತಾಗುತ್ತೆ?”

ಅಂಥ ಇನ್ನೊಂದು ಪೆಟ್ಟಿಗೆ ಬೆಂಗಳೂರಿನಲ್ಲಿ ಎಲ್ಲೂ ಸಿಗಲಿಲ್ಲ. ಆರ್ಮುಗಂ ಅಣ್ಣ ನಾಲ್ಕು ದಿನ ಹುಡುಕಿದರು, ಕೇಳಿದ ಕಡೆಯೆಲ್ಲ ಇಲ್ಲ ಅಂದರು. ನಾಲ್ಕೂ ದಿನ ಮುನಿರಾಜಪ್ಪ ಬಂದರು, ನಾಲ್ಕೂ ದಿನ ನಾನು “ನಾಳೆ ರೀ” ಅಂದೆ. ಐದನೆಯ ದಿನ ಅವರು ಒಂದು ಪೊಟ್ಟಣದಲ್ಲಿ ನನಗೆ ಕಡಲೆಪುರಿ ಕಟ್ಟಿಸಿಕೊಂಡು ಬಂದಿದ್ದರು. “ಪಾಪ, ನನ್ನಿಂದ ನಿನಗೂ ತಲೆನೋವು” ಅಂದರು. ಅಷ್ಟೇ, ನನ್ನಿಂದ ತಡೆಯಲಾಗಲಿಲ್ಲ.

“ಯಜಮಾನ್ರ, ಅದು ತಾನಾಗಿ ಕೆಟ್ಟಿಲ್ರಿ. ನಾನೇ ಕೆಡಿಸೀನಿ. ಪೂಜೆ ಮಾಡಿ ನಿಂಬಿಹೋಳು ಇಟ್ಟಿದ್ದೆ” ಅಂದೆ.

ಅವರು ಪೊಟ್ಟಣವನ್ನು ಮೇಜಿನ ಮೇಲಿಟ್ಟರು. ಆಮೇಲೆ ಎದ್ದು ನಿಂತರು. ಬಯ್ಯುತ್ತಾರೆ ಅಂದುಕೊಂಡಿದ್ದೆ, ಬಯ್ದಿದ್ದರೆ ಚೆನ್ನಾಗಿತ್ತು.

“ನೀನು ಮಾಡಿದ್ದು ಪೂಜೆ ಅಲ್ಲಮ್ಮ. ನನ್ನ ಕೈಗೆ ತಿಥಿ” ಅಂದರು. ಕೊಡೆಯನ್ನೂ ಮರೆತು ಮಳೆಯಲ್ಲೇ ಹೋದರು.

ಆರ್ಮುಗಂ ಅಣ್ಣ ಒಂದು ಟೀ ತರಿಸಿಕೊಟ್ಟರು. ಟೀ ಕುಡಿದು ನಾನು ಹೇಳಿದೆ: “ಅಣ್ಣಾರ, ಐದು ವರ್ಷ ತಂತಿ ಸುತ್ತೀನಿ. ಇದನ್ನೂ ಸುತ್ತತೀನಿ.”

“ಅದು ಬೆರಳ ತುದಿಯಷ್ಟಿದೆಯಮ್ಮಾ. ಕಾರ್ಖಾನೆ ಮಿಷಿನ್ನಲ್ಲಿ ಸುತ್ತೋದು.”

“ಅದ್ಕೇನು, ಆ ಮಿಷಿನ್ನಿಗೂ ಯಾರೋ ಕೈಯಿಂದ್ಲೇ ಕಲಿಸಿರಬೇಕಲ್ರೀ” ಅಂದೆ. ಸಿಟ್ಟಿನಲ್ಲಿ ಅಂದ ಮಾತು, ಒಳಗೆ ಹೆದರಿಕೆಯೇ ಇತ್ತು.

ತೆಳು ತಂತಿಗಾಗಿ ಶಿವಾಜಿನಗರದ ಗುಜರಿಗೆ ಹೋದೆ. ಹಳೆ ಟೆಲಿಫೋನ್ ಸಾಮಾನಿನ ರಾಶಿಯಲ್ಲಿ ಕೂತು ಒಂದೊಂದೇ ಕಾಯಿಲ್ ಬಿಚ್ಚಿ, ತಂತಿಯ ಪಕ್ಕ ನನ್ನ ತಲೆಗೂದಲು ಹಿಡಿದು ನೋಡುತ್ತಿದ್ದೆ. ಅಂಗಡಿಯ ಮುದುಕರು, “ಕ್ಯಾ ಬೇಟಿ, ಬಾಲಾಂ ಮೇಚ್ ಕರ್‌ತೈ?” ಅಂತ ನಕ್ಕರು, ಕೂದಲಿಗೆ ಜೋಡಿ ಹುಡುಕುತ್ತಿದ್ದೀಯಾ ಅಂತ. ಕೊನೆಗೆ ಸಿಕ್ಕಿತು. ಕೆಟ್ಟುಹೋದ ಕಾಯಿಲ್ ಅನ್ನು ಸೂಜಿಯಿಂದ ಬಿಚ್ಚುತ್ತ ಎಷ್ಟು ಸುತ್ತು ಇದೆ ಎಂದು ಎಣಿಸಿದೆ. ಕೈಯಿಂದ ತಿರುಗಿಸುವ ಡ್ರಿಲ್ಲನ್ನು ಮೇಜಿಗೆ ಬಿಗಿದು, ಅದರ ಬಾಯಿಗೆ ಕಾಯಿಲ್‌ನ ಪುಟ್ಟ ಅಚ್ಚು ಸಿಕ್ಕಿಸಿ, ಬಲಗೈಯಲ್ಲಿ ತಿರುಗಿಸುತ್ತ ಎಡಗೈ ಬೆರಳುಗಳ ನಡುವೆ ತಂತಿ ಬಿಡುತ್ತ ಹೋದೆ. ಬಿಗಿ ಹಿಡಿದರೆ ತುಂಡು, ಸಡಿಲ ಬಿಟ್ಟರೆ ಗೋಜಲು. ಆರು ಸಲ ತುಂಡಾಯಿತು. ನಡುವೆ ಯಾರಾದರೂ ಮಾತಾಡಿಸಿದರೆ ಎಣಿಕೆ ತಪ್ಪುತ್ತಿತ್ತು. ಆರ್ಮುಗಂ ಅಣ್ಣ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತುಬಿಟ್ಟರು. ಬಂದವರಿಗೆಲ್ಲ ಬಾಯಿ ಮೇಲೆ ಬೆರಳಿಟ್ಟು, “ಎಣಿಸ್ತಾ ಇದಾಳೆ, ಮಾತಾಡ್ಬೇಡಿ ಗುರು” ಅಂತ ಪಿಸುಗುಟ್ಟುತ್ತಿದ್ದರು. ಒಳಗೆ ಯಾರಿಗೋ ಹೆರಿಗೆಯಾಗುತ್ತಿದೆಯೇನೋ ಎಂಬಂತೆ ಜನ ಸದ್ದು ಮಾಡದೆ ಹಿಂದೆ ಹೋಗುತ್ತಿದ್ದರು.

ಏಳನೆಯ ಸಲ ಮುಗಿಯಿತು. ಮೀಟರಿನ ಮುಳ್ಳು ಎದ್ದಿತು. ಪೆಟ್ಟಿಗೆ ಕೂರಿಸಿ ಗುದ್ದಿದೆ. ಗುಡುಗಿತು! ಸಂತೋಷಕ್ಕೆ ಇನ್ನೊಂದು ಗುದ್ದಿದೆ. ಆದರೆ ಗುಡುಗಿನ ಹಿಂದೆಯೇ ‘ಗುಂಯ್’ ಅನ್ನುವ ಸದ್ದೊಂದು ಹಿಡಿದು ಬಿಡಲೇ ಇಲ್ಲ. ತಂತಿ ತಪ್ಪಾಯಿತೇ, ಎಣಿಕೆ ತಪ್ಪಾಯಿತೇ ಅಂತ ಒಂದು ದಿನವೆಲ್ಲ ತಲೆ ಚಚ್ಚಿಕೊಂಡೆ. ಆರ್ಮುಗಂ ಅಣ್ಣ ಬಂದು ಪೆಟ್ಟಿಗೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದು ಸುಮ್ಮನೆ ತಿರುಗಿಸಿದರು, ಸದ್ದು ನಿಂತಿತು. ನಾನು ಪೆಟ್ಟಿಗೆಯನ್ನು ತಿರುವುಮುರುವಾಗಿ ಕೂರಿಸಿದ್ದೆ. ನಾಜೂಕಿನ ತುದಿ ಹೋಗಿ ದೊಡ್ಡ ಟ್ರಾನ್ಸ್‌ಫಾರ್ಮರಿನ ಮಗ್ಗುಲಲ್ಲಿ ಕೂತು ಅದರ ಗುಂಯ್ ಸದ್ದನ್ನು ಹೀರುತ್ತಿತ್ತು. ಇಷ್ಟು ಟ್ರಾನ್ಸ್‌ಫಾರ್ಮರ್ ಸುತ್ತಿದವಳಿಗೆ ಇಷ್ಟು ಹೊಳೆಯಬಾರದೇ?

ರಾಜ್ಯೋತ್ಸವಕ್ಕೆ ಎರಡು ದಿನ ಇರುವಾಗ ಆಟೋದಲ್ಲಿ ಅದನ್ನೂ ಅವರ ಕೊಡೆಯನ್ನೂ ಹೊರಮಾವಿಗೆ ಒಯ್ದೆ. ಮುನಿರಾಜಪ್ಪ ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಗಿಟಾರ್ ತೊಡೆಗೆ ಹಾಕಿಕೊಂಡು ಒಂದು ಸ್ವರ ಮೀಟಿದರು. ಎಡಗೈ ಎತ್ತಿ ಇನ್ನೊಂದರ ಮೇಲಿಟ್ಟರು. ಮಧ್ಯದ ಗುಂಡಿ ನನಗೆ ಕೇಳಲಿಲ್ಲ. ಅವರು ಮುಖ ಎತ್ತದೆ, “ಪ್ರೋಗ್ರಾಮ್ ದಿನ ನೀನೂ ಬಾ. ಇದು ಕೈಕೊಟ್ರೆ ನೀನು ಮುಂದೆ ಇರ್ಬೇಕು” ಅಂದರು. ಕ್ಷಮೆಯ ಮಾತು ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ರಾಜ್ಯೋತ್ಸವದ ದಿನ ಮಳೆ ಬಿಡುವು ಕೊಟ್ಟಿತ್ತು. ಊರ ಮುಂದಿನ ಮೈದಾನದಲ್ಲಿ ಖಾಲಿ ಡ್ರಮ್ಮುಗಳ ಮೇಲೆ ಹಲಗೆ ಹಾಸಿ ಸ್ಟೇಜು ಕಟ್ಟಿದ್ದರು. ನಾನು ಮುಂದಿನ ಸಾಲಿನಲ್ಲಿ ಕೂತೆ, ಬೆಸುಗೆ ಕಡ್ಡಿ, ಮೀಟರು ಚೀಲದಲ್ಲಿಟ್ಟುಕೊಂಡು. ಸಂಜೆ ಬಿಸಿಲು ಇರುವಾಗಲೇ ಮೊದಲ ಹಾಡು ಶುರುವಾಯಿತು. ನಾಲ್ಕು ಜನ ಡಾನ್ಸರುಗಳು ಹಲಗೆಯ ಮೇಲೆ ಹಾರಿದರು ನೋಡಿ, ‘ಧಡಾರ್!’ ಅಂತ ಇಡೀ ಮೈದಾನ ಗುಡುಗಿತು. ಅವರು ಇನ್ನೊಮ್ಮೆ ಹಾರಿದರು, ಇನ್ನೊಮ್ಮೆ ಗುಡುಗಿತು. ಜನ ಆಕಾಶ ನೋಡಿದರು. ಮಾಸ್ಟರ್ ಮುನಿರಾಜಪ್ಪನ ಕಡೆ ಕೆಕ್ಕರಿಸಿ ನೋಡಿದ. ಹಲಗೆ ಅಲುಗಿದಂತೆಲ್ಲ ಸ್ಪ್ರಿಂಗು ಅಲುಗುತ್ತಿತ್ತು. ಮುನಿರಾಜಪ್ಪ ರಿವರ್ಬ್ ಪೂರ್ತಿ ಇಳಿಸಿಬಿಟ್ಟರು. ಗುಡುಗು ನಿಂತಿತು. ಆದರೆ ಅವರ ಕೈಯ ಗುಂಡಿಗಳು ಒಂದೊಂದಾಗಿ ಕೇಳತೊಡಗಿದವು. ಕೀಬೋರ್ಡಿನವನು ಅವರತ್ತ ತಿರುಗಿ ನೋಡಿದ.

ಮೂರನೆಯ ಹಾಡಿಗೆ ಗಿಟಾರೇ ಮೊದಲು. ಅದು ಅವರದೇ ಪಾಲು, ಇಪ್ಪತ್ತು ವರ್ಷದಿಂದ. ಡಾನ್ಸರುಗಳು ಮತ್ತೆ ಸ್ಟೇಜಿಗೆ ಹತ್ತುತ್ತಿದ್ದರು. ಮಾಸ್ಟರ್ ಕೀಬೋರ್ಡಿನವನಿಗೆ ಕಣ್ಣಲ್ಲೇ ಏನೋ ಹೇಳಿದ. ಮುನಿರಾಜಪ್ಪ ಕೂತಲ್ಲಿಂದಲೇ ಪಕ್ಕದ ಮೈಕಿಗೆ ಬಗ್ಗಿ, “ಶರಣಮ್ಮಾ, ಬಾಮ್ಮಾ ಮೇಲೆ” ಅಂದರು. ಅಷ್ಟು ದಿನದಲ್ಲಿ ಅವರು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ನಾನು ಸೆರಗು ಸಿಕ್ಕಿಸಿ ಹತ್ತಿದೆ. ಏನು ಮಾಡಬೇಕೆಂದು ಯೋಚಿಸಲು ಹೊತ್ತಿರಲಿಲ್ಲ. ಬೆಸುಗೆಯಿಂದ ಆಗುವ ಕೆಲಸವಲ್ಲ ಅದು. ಅವರ ಕುರ್ಚಿಯ ಹಿಂದೆ ಚಕ್ಕಳಮಕ್ಕಳ ಹಾಕಿ ಕೂತು ಆಂಪ್ಲಿಫೈಯರನ್ನು ಹಲಗೆಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಎರಡು ಕೈಯಿಂದ ತಬ್ಬಿ ಹಿಡಿದೆ. ಕೈಕಾಲು ಬಡಿಯುವ ಕೂಸನ್ನು ಹಿಡಿದ ಹಾಗೆ. ಹಿಟ್ಟಿನ ಮೂಟೆಯಷ್ಟು ಭಾರ. ಅವರು ಹಿಂದಕ್ಕೆ ಕೈ ಚಾಚಿ ರಿವರ್ಬ್ ತಿರುಗಿಸಿ, ಮೀಟಿದರು.

ಡಾನ್ಸರುಗಳು ಹಾರಿದರು. ಗುಡುಗಲಿಲ್ಲ. ಹಲಗೆಯ ಅಲುಗಾಟವೆಲ್ಲ ನನ್ನ ಮೈಯಲ್ಲೇ ನಿಲ್ಲುತ್ತಿತ್ತು. ಸ್ವರ ಎದ್ದು, ನಿಧಾನವಾಗಿ ಕರಗುತ್ತ, ಮುಂದಿನ ಸ್ವರಕ್ಕೆ ತಾನೇ ಕೈಕೊಟ್ಟು ನಡೆಸಿಕೊಂಡು ಹೋಗುತ್ತಿತ್ತು. ನಾನು ಸುತ್ತಿದ ತಂತಿ ನನ್ನ ಹೊಟ್ಟೆಗೆ ಒತ್ತಿಕೊಂಡು ಹಾಡುತ್ತಿತ್ತು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಎಲ್ಲಿದೆ? ಹಾಡು ಮುಗಿಯುವಷ್ಟರಲ್ಲಿ ತೊಡೆ ಮರಗಟ್ಟಿತು, ಭುಜ ಬಿದ್ದುಹೋಗುವಂತಾಯಿತು. ಆದರೂ ಇನ್ನೊಂದು ಚರಣ ಇದ್ದಿದ್ದರೆ ಅನ್ನಿಸಿತು.

ಆರ್ಕೆಸ್ಟ್ರಾದಲ್ಲಿ ಕಲಾವಿದರ ಪರಿಚಯ ಮಾಡುವ ಕ್ರಮವಿದೆ. ಆ ಹಾಡಾದ ಮೇಲೆ ನಿರೂಪಕ ಒಬ್ಬೊಬ್ಬರ ಹೆಸರು ಕೂಗಿ, ತಬಲಾದಲ್ಲಿ ಇಂಥವರು, ಕೀಬೋರ್ಡಿನಲ್ಲಿ ಇಂಥವರು ಅಂತ ಚಪ್ಪಾಳೆ ಗಿಟ್ಟಿಸುತ್ತ ಬಂದ. “ಗಿಟಾರ್‌ನಲ್ಲಿ ನಿಮ್ಮದೇ ಊರಿನ...” ಅನ್ನುವಷ್ಟರಲ್ಲಿ ಮುನಿರಾಜಪ್ಪ ಅವನ ಕೈಯಿಂದ ಮೈಕು ತೆಗೆದುಕೊಂಡರು.

“ಗಿಟಾರ್‌ಗೆ ಈವತ್ತು ಇಬ್ಬರು” ಅಂದರು. “ನಾನು ಮುನಿರಾಜಪ್ಪ. ಎರಡು ವರ್ಷದಿಂದ ನನ್ನ ಎಡಗೈ ಸರಿ ಇಲ್ಲ, ಮಾಸ್ಟರ್‌ಗೂ ಹೇಳಿರ್ಲಿಲ್ಲ. ಆ ಕೈ ಮಾಡೋ ಕೆಲಸ ಮಾಡ್ಕೊಂಡು ಹಿಂದೆ ಕೂತಿರೋಳು ಶರಣಮ್ಮ. ಚಪ್ಪಾಳೆ ಹೊಡೆಯೋದಾದ್ರೆ ಅವಳಿಗೆ ಹೊಡೀರಿ.”

ಮೊದಲು ಚಪ್ಪಾಳೆ ಹೊಡೆದವನು ಮಾಸ್ಟರ್. ಅವನ ಹಿಂದೆ ಮೈದಾನವೆಲ್ಲ. ಎದ್ದು ನಿಂತು ಎಲ್ಲರಿಗೂ ಕೈಮುಗಿಯಬೇಕು ಅನ್ನಿಸಿತು. ಆದರೆ ಮುನಿರಾಜಪ್ಪ ಆಗಲೇ ಮುಂದಿನ ಹಾಡಿಗೆ ತಂತಿ ಬಿಗಿಯುತ್ತಿದ್ದರು, ನನ್ನ ಕೈ ಖಾಲಿ ಇರಲಿಲ್ಲ.